ಆರನೆಯ ಸುತ್ತಿನ ನೀಲಿ

ಷರತ್ತು ಒಂದೇ ಸಾಲಿನಲ್ಲಿತ್ತು: ಅದೇ ಒಂದು ಕಿಲೋ ಪುಡಿ, ಸತತ ಹತ್ತು ಸುತ್ತು, ಪ್ರತಿ ಸುತ್ತಿನಲ್ಲೂ ಶೇಕಡ ತೊಂಬತ್ತಕ್ಕೆ ಕಡಿಮೆಯಿಲ್ಲದ ಫಲ. ತಪ್ಪಿದರೆ ಸುಧೀಂದ್ರನ ಕಾರ್ಖಾನೆ ಹಳೆಯ ಸಲ್ಫ್ಯೂರಿಕ್ ಆಮ್ಲಕ್ಕೇ ಮರಳುತ್ತದೆ, ಅಲ್ಲಿನ ರಸಾಯನಶಾಸ್ತ್ರಜ್ಞೆ ನಿವೇದಿತಾಳ ಮೂರು ವರ್ಷದ ಕೆಲಸ ಅಲ್ಲಿಗೆ ಮುಗಿಯುತ್ತದೆ. ಐದು ಸುತ್ತು ಆಗಿದ್ದವು. ತೊಂಬತ್ತೈದು, ತೊಂಬತ್ತೈದು, ತೊಂಬತ್ತನಾಲ್ಕು, ತೊಂಬತ್ತೈದು, ತೊಂಬತ್ತನಾಲ್ಕು. ಆರನೆಯದು ಮಂಗಳವಾರ ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಫಲ ಮೂವತ್ತೊಂದು.

ಪೀಣ್ಯ ಎರಡನೇ ಹಂತದ ಆ ಶೆಡ್ಡಿನಲ್ಲಿ ಹನ್ನೊಂದು ಜನ ಕೆಲಸ ಮಾಡುತ್ತಾರೆ. ಬಿಸ್ಕತ್ತು, ಐಸ್‌ಕ್ರೀಮುಗಳಿಗೆ ಬಾಳೆಹಣ್ಣಿನ ವಾಸನೆ ಕೊಡುವ ಎಸ್ಟರ್ ಅಲ್ಲಿ ತಯಾರಾಗುತ್ತದೆ. ವಿನೆಗರಿಗೆ ಹುಳಿ ಕೊಡುವ ಅಸಿಟಿಕ್ ಆಮ್ಲವನ್ನು ಒಂದು ಬಗೆಯ ಆಲ್ಕೊಹಾಲಿನ ಜೊತೆ ಕುದಿಸಿದರೆ ಈ ಎಸ್ಟರ್ ಆಗುತ್ತದೆ. ಹಾಕಿದ ಆಮ್ಲದಲ್ಲಿ ನೂರಕ್ಕೆ ಎಷ್ಟು ಪಾಲು ಎಸ್ಟರ್ ಆಯಿತೆಂಬುದೇ ಫಲ. ಬರಿದೇ ಕುದಿಸಿದರೆ ದಿನಗಟ್ಟಲೆ ಕಾಯಬೇಕು. ಬೇಗ ಆಗಲು ವೇಗವರ್ಧಕ ಬೇಕು. ಹತ್ತೊಂಬತ್ತು ವರ್ಷ ಆ ಕೆಲಸವನ್ನು ಸಲ್ಫ್ಯೂರಿಕ್ ಆಮ್ಲ ಮಾಡಿತ್ತು. ಅದರ ತೊಂದರೆಯೆಂದರೆ ಅದು ಎಸ್ಟರಿನಲ್ಲೇ ಬೆರೆತು ಉಳಿಯುತ್ತದೆ. ಪ್ರತಿ ಬ್ಯಾಚಿನ ಕೊನೆಗೆ ಸೋಡಾ ಹಾಕಿ ಅದನ್ನು ಸಾಯಿಸಬೇಕು, ಉಳಿದ ಉಪ್ಪುನೀರನ್ನು ಟ್ಯಾಂಕರಿನಲ್ಲಿ ಶುದ್ಧೀಕರಣಕ್ಕೆ ಕಳಿಸಬೇಕು.

ನಿವೇದಿತಾಳ ಪುಡಿ ಹಾಗಲ್ಲ. ಅದರ ಹೆಸರು ಪಾಲಿಅನಿಲಿನ್, ವಿದ್ಯುತ್ ಹರಿಸುವ ಪಾಲಿಮರ್. ತನ್ನ ಮೈತುಂಬ ಆಮ್ಲವನ್ನು ಕಟ್ಟಿಹಿಡಿದುಕೊಂಡೇ ಘನವಾಗಿ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಸೋಸಿ ತೆಗೆದು, ಅಸಿಟೋನಿನಲ್ಲಿ ತೊಳೆದು, ಒಣಗಿಸಿ, ಮರುದಿನ ಅದನ್ನೇ ಮತ್ತೆ ಹಾಕಬಹುದು. ಬೆಳ್ಳಂದೂರಿನಲ್ಲಿ ಕಚೇರಿಯಿರುವ ಸುವಾಸನೆ ಕಂಪನಿಯೊಂದು ಸಲ್ಫ್ಯೂರಿಕ್ ಆಮ್ಲ ಬೆರೆತು ಉಳಿಯದ ಎಸ್ಟರ್ ಬೇಕೆಂದು ಕೇಳಿತ್ತು. ಹತ್ತು ಸುತ್ತಿನ ಷರತ್ತು ಆ ಕಂಪನಿಯ ತಾಂತ್ರಿಕ ಮುಖ್ಯಸ್ಥ ಪಂಚಾಕ್ಷರಿಯದು. ಹತ್ತನೆಯ ಸುತ್ತನ್ನು ಕಣ್ಣಾರೆ ನೋಡಲು ಮುಂದಿನ ಸೋಮವಾರ ಅವನೇ ಬರುವವನಿದ್ದ.

ನಿವೇದಿತಾ ಸ್ಯಾಂಪಲನ್ನು ಎರಡನೆಯ ಸಲ ಪರೀಕ್ಷಿಸಿದಳು. ಉಳಿದ ಆಮ್ಲವನ್ನು ಅಳೆಯುವ ಬ್ಯುರೆಟ್ಟಿನಲ್ಲಿ ಎಂದಿನಂತೆ ಒಂದೂವರೆ ಮಿಲಿಲೀಟರಿಗೆ ಬರಬೇಕಾದ ಗುಲಾಬಿ ಬಣ್ಣ ಇಪ್ಪತ್ತೂ ಮುಕ್ಕಾಲಿಗೆ ಬಂತು. ಮೂವತ್ತೊಂದೇ. ಬಣ್ಣಕ್ಕೆ ಮೊದಲೇ ಮೂಗು ಹೇಳಿತ್ತು. ಶೆಡ್ಡಿನ ತುಂಬ ವಿನೆಗರಿನ ಘಾಟು.

ಅವಳು ಪುಡಿಯನ್ನು ಸೋಸಿ, ಓವನ್ನಿನಲ್ಲಿ ಒಣಗಿಸಿ ತೂಗಿದಳು. ತೂಕ ಹಾಕುವ ನಿಯಮವಿದ್ದದ್ದು ಮೊದಲು ಮತ್ತು ಕೊನೆಗೆ ಮಾತ್ರ. ಸೋಸುವಾಗ, ತುಂಬುವಾಗ ಹತ್ತು ಹದಿನೈದು ಗ್ರಾಂ ಹೋಗುವುದು ಸಹಜ. ತಕ್ಕಡಿ ತೋರಿಸಿದ್ದು ಏಳುನೂರ ತೊಂಬತ್ತೈದು ಗ್ರಾಂ. ಐದರಲ್ಲೊಂದು ಪಾಲು ಪುಡಿ ಇಲ್ಲ.

ಸುಧೀಂದ್ರ ತಕ್ಕಡಿಯ ಅಂಕಿಯನ್ನು ಬಗ್ಗಿ ನೋಡಿದ. ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಅಪ್ಪನ ನಿವೃತ್ತಿ ಹಣದಲ್ಲಿ ಈ ಶೆಡ್ಡು ಕಟ್ಟಿದವನು ಅವನು.

"ಇನ್ನೂರು ಗ್ರಾಂ ಎಲ್ಲಿ ಹೋಯ್ತು ನಿವೇದಿತಾ? ಕಾಲು ಬಂತಾ ಅದಕ್ಕೆ?"

"ಗೊತ್ತಿಲ್ಲ ಸಾರ್. ಎಸ್ಟರಿನಲ್ಲಿ ಕರಗಿದ್ರೆ ಬಣ್ಣ ಕಾಣ್ಬೇಕಿತ್ತು. ಎಸ್ಟರ್ ನೀರಿನ ಹಾಗೆ ತಿಳಿಯಾಗಿದೆ."

"ತೊಳೆಯೋವಾಗ ಚೆಲ್ಲಿರ್ತಾರೆ ಬಿಡಿ. ನೋಡಿ, ಕಪಾಟಲ್ಲಿ ಇನ್ನೊಂದು ಕಿಲೋ ಇದೆ ಅಲ್ವಾ? ಅದೇ ದಿನ ಮಾಡಿದ್ದು, ಅದೇ ಪುಡಿ. ಅದನ್ನ ಹಾಕಿ ಏಳನೇದು ಓಡಿಸಿ. ಆರನೇದು ಕರೆಂಟ್ ಹೋಗಿತ್ತು ಅಂತ ಬರೀರಿ. ಕರಿ ಪುಡಿ ಕರಿ ಪುಡೀನೇ, ಪಂಚಾಕ್ಷರಿಗೇನು ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ ಸಾರ್."

"ಅಲ್ಲಮ್ಮಾ..."

"ಆ ಕಿಲೋನೂ ಆರನೇ ಸುತ್ತಿಗೆ ಹಿಂಗೇ ಬಿದ್ರೆ? ಅವರು ಆರ್ಡರ್ ಕೊಟ್ಟ ಮೇಲೆ ಬಿದ್ರೆ? ಕಾರಣ ಗೊತ್ತಾಗದೆ ನಾನು ಏಳನೇದು ಹಾಕಲ್ಲ. ನಾಳೆ ಒಂದಿನ ಕೊಡಿ."

ಸುಧೀಂದ್ರ ಒಂದು ದಿನ ಕೊಟ್ಟ. ಹೋಗುವಾಗ ಬಾಗಿಲಲ್ಲಿ ನಿಂತು, ಕರಿಬಸಪ್ಪನಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದ: "ಇನ್ನೂರು ಗ್ರಾಂ ಚರಂಡಿಗೆ ಹೋಗಿದ್ರೆ ಅದನ್ನೂ ಒಂದ್ಸಲ ಹುಡುಕಿ."

ಕರಿಬಸಪ್ಪನಿಗೆ ಕೇಳಿಸಿತು. ಪುಡಿಯನ್ನು ಸೋಸಿ ತೊಳೆಯುವ ಕೆಲಸ ಅವನದು. ಹಿರಿಯೂರಿನ ಕಡೆಯವನು, ರಾಜಗೋಪಾಲನಗರದಲ್ಲಿ ಮನೆ, ವಯಸ್ಸು ಐವತ್ತಮೂರು. ಈ ಶೆಡ್ಡಿಗೆ ಬರುವ ಮೊದಲು ಇಪ್ಪತ್ತೆರಡು ವರ್ಷ ಪೀಣ್ಯದ ಪ್ಲೇಟಿಂಗ್ ಅಂಗಡಿಗಳಲ್ಲಿ ಬೋಲ್ಟು, ನಟ್ಟು, ಸ್ಕೂಟರಿನ ಬಿಡಿಭಾಗಗಳಿಗೆ ಸತುವಿನ ಲೇಪ ಹಾಕಿದ್ದ. ತಾನು ಲೇಪ ಹಾಕಿದ ಒಂದೇ ಒಂದು ಲಾಟೂ ವಾಪಸು ಬಂದಿಲ್ಲ ಎಂಬುದನ್ನು ಅವನು ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದ. ಆ ಎರಡು ಕಿಲೋ ಪುಡಿ ಹುಟ್ಟಿದ ದಿನವೂ ಪಕ್ಕದಲ್ಲಿದ್ದವನು ಅವನೇ. ಅನಿಲಿನ್ ಮತ್ತು ಆಮ್ಲದ ದ್ರಾವಣವನ್ನು ಮಂಜುಗಡ್ಡೆಯ ತೊಟ್ಟಿಯಲ್ಲಿಟ್ಟು, ಅದನ್ನು ಪಾಲಿಮರ್ ಆಗಿ ಕಟ್ಟಿಸುವ ಪರ್‌ಸಲ್ಫೇಟನ್ನು ನಾಲ್ಕು ಗಂಟೆ ಕಾಲ ಹನಿಹನಿಯಾಗಿ ಬಿಡುವಾಗ, ಉಷ್ಣಾಂಶ ಐದು ಡಿಗ್ರಿ ದಾಟದಂತೆ ಗಡ್ಡೆ ಒಡೆದು ಒಡೆದು ಹಾಕಿದ್ದ. ಬಣ್ಣವಿಲ್ಲದ ನೀರು ಮೊದಲು ನೀಲಿಯಾಗಿ, ಆಮೇಲೆ ದಟ್ಟ ಹಸಿರಾದಾಗ "ಮಗು ಬಂತು ಮೇಡಂ" ಎಂದಿದ್ದ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಅವನು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬಕೆಟ್ಟು, ಸೋಸುವ ಬಟ್ಟೆ.

"ಮೇಡಂ, ನಂಗೊಂದ್ ಸ್ವಲ್ಪ ಪುಡಿ ಕೊಡಿ. ನಿಮ್ಮ ಕಣ್ಣೆದುರಿಗೇ ತೊಳೆದು ತೋರಿಸ್ತೀನಿ. ಒಂದು ಚಿಟಿಕೆ ಚೆಲ್ಲಿದ್ರೆ ಈವತ್ತೇ ಕೆಲಸ ಬಿಟ್ಟು ಓಯ್ತೀನಿ."

"ಕರಿಬಸಪ್ಪನವ್ರೇ, ನಾನು ಹಂಗೆ ಅಂದಿಲ್ಲ."

"ನೀವು ಅಂದಿಲ್ಲ. ಯಜಮಾನ್ರು ಅಂದ್ರು. ಅದೂ ಎಂಗೆ, ಚರಂಡಿ ಹುಡುಕಿ ಅಂತ. ಇಪ್ಪತ್ತೆರಡು ವರ್ಷ ಆಸಿಡ್ ತೊಟ್ಟಿ ಮುಂದೆ ನಿಂತಿದೀನಿ, ಒಂದು ವಾಷರ್ ಕಳೆದಿಲ್ಲ ನಾನು."

ನಿವೇದಿತಾಳಿಗೂ ನೋಡಬೇಕೆನಿಸಿತು. ತೊಳೆಯುವ ಕ್ರಮವನ್ನು ಹಾಳೆಯಲ್ಲಿ ಬರೆದುಕೊಟ್ಟಿದ್ದಳೇ ಹೊರತು ಮೊದಲ ಎರಡು ಸುತ್ತಿನ ನಂತರ ಪಕ್ಕದಲ್ಲಿ ನಿಂತು ನೋಡಿರಲಿಲ್ಲ. ಕಪಾಟಿನ ಕಿಲೋದಿಂದ ಹತ್ತು ಗ್ರಾಂ ತೂಗಿ ಕೊಟ್ಟಳು.

ಕರಿಬಸಪ್ಪ ಬಟ್ಟೆಯನ್ನು ಸೋಸುವ ಪಾತ್ರೆಗೆ ಹಾಸಿದ. ಅಂಚನ್ನು ಬೆರಳಿನಿಂದ ಒತ್ತಿ ಕೂರಿಸಿದ. ಪುಡಿ ಸುರಿದು, ಬೀಕರಿಗೆ ಅಂಟಿದ್ದನ್ನು ಅಸಿಟೋನಿನಿಂದ ಮೂರು ಸಲ ತೊಳೆದು ಅದನ್ನೂ ಸುರಿದ. ಒಂದು ಕಣವೂ ಹೊರಗೆ ಬೀಳಲಿಲ್ಲ. ಎರಡನೆಯ ಅಸಿಟೋನ್ ಇಳಿದ ಮೇಲೆ ಕೆಲಸ ಮುಗಿಯಬೇಕು. ಹಾಳೆಯಲ್ಲಿ ಇದ್ದದ್ದು ಅಷ್ಟೇ. ಅವನು ಬಟ್ಟೆಯ ನಾಲ್ಕು ಮೂಲೆ ಹಿಡಿದು ಗಂಟಿನಂತೆ ಎತ್ತಿ, ಪಕ್ಕದ ಬಕೆಟ್ಟಿನಲ್ಲಿ ಅದ್ದಿದ.

"ಅದೇನದು?"

"ಸೋಡಾ ನೀರು ಮೇಡಂ. ಒಂದು ಅದ್ದು, ಅಷ್ಟೇ. ಆಮೇಲೆ ನೀರಲ್ಲಿ ಒಂದು ಅದ್ದು."

ಅವನು ಗಂಟು ಬಿಚ್ಚಿದ. ಬಟ್ಟೆಯ ಮೇಲಿದ್ದ ಹಸಿರು ಪುಡಿ ಶಾಯಿಯಂತೆ ನೀಲಿಯಾಗಿತ್ತು.

ನಿವೇದಿತಾ ಕುರ್ಚಿ ಎಳೆದುಕೊಂಡು ಕುಳಿತಳು. "ಇದನ್ನ ಯಾವಾಗಿಂದ ಮಾಡ್ತಿದೀರಿ?"

"ಮೊನ್ನೆ ಸೋಮವಾರ ಮಾಡಿದ್ದು, ಒಂದೇ ಸಲ. ಸನಿವಾರ ಸಂಜೆ ಒಣಗಿಸಿದ ಪುಡಿ ಭಾನುವಾರ ಪೂರ್ತಿ ಟ್ರೇನಲ್ಲೇ ಇತ್ತಲ್ಲ, ಸೋಮವಾರ ನೋಡಿದ್ರೆ ಹೊಸ ಸ್ಟೀಲ್ ಟ್ರೇ ಮೇಲೆ ಕಂದು ಚುಕ್ಕೆ ಬಿದ್ದಿತ್ತು. ಆಸಿಡ್ ಉಳ್ಕೊಂಡಿದೆ ಅಂತ ಆವಾಗ್ಲೇ ಗೊತ್ತಾಯ್ತು. ನಮ್ಮ ಪ್ಲೇಟಿಂಗಿನಲ್ಲಿ ಆಸಿಡ್ ತೊಟ್ಟೀಲಿಂದ ತೆಗೆದ ಮಾಲನ್ನ ಸೋಡಾದಲ್ಲಿ ಅದ್ದದೆ ಇಟ್ರೆ ಬೆಳಗಾಗೋದ್ರೊಳಗೆ ತುಕ್ಕು. ಅದಕ್ಕೇ ಐದನೇ ಸುತ್ತು ಮುಗಿದ ಮೇಲೆ ಒಂದು ಅದ್ದು ಕೊಟ್ಟೆ."

"ಬಣ್ಣ ನೀಲಿ ಆಗಿದ್ದು ನೋಡ್ಲಿಲ್ವಾ?"

"ನೋಡಿದೆ ಮೇಡಂ! ಖುಷಿ ಆಯ್ತು. ಸತುವಿನ ಮಾಲಿಗೆ ಕೊನೇಲಿ ನೀಲಿ ಹೊಳಪು ಬಂತು ಅಂದ್ರೆ ಪಾಸು, ಹಳದಿ ಬಂದ್ರೆ ವಾಪಸು. ಇದೂ ಹುಟ್ಟುವಾಗ ನೀಲಿನೇ ಇತ್ತಲ್ಲ. ಒಣಗಿದ ಮೇಲೆ ಎಂಗಿದ್ರೂ ಕಪ್ಪೇ."

ನಿವೇದಿತಾ ಮೇಜಿನ ಡ್ರಾಯರಿನಿಂದ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯೊಂದನ್ನು ತೆಗೆದಳು. ಎರಡೂ ತುದಿಗೆ ಹಿತ್ತಾಳೆ ಬೋಲ್ಟು. ನಡುವೆ ಪುಡಿ ತುಂಬಿ, ಎರಡು ಸುತ್ತು ಬಿಗಿದು, ಮೀಟರಿನ ತಂತಿ ಹಿಡಿದರೆ ಪುಡಿಯಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆಂದು ತಿಳಿಯುತ್ತದೆ, ಅಂಕಿ ಕಡಿಮೆಯಿದ್ದಷ್ಟೂ ಸಲೀಸು. ಪುಡಿ ಹುಟ್ಟಿದ ದಿನ ಅಳೆದು ಹದಿನೆಂಟು ಓಮ್ ಎಂದು ಬರೆದಿಟ್ಟಿದ್ದಳು, ಆಮೇಲೆ ಅಳೆದಿರಲಿಲ್ಲ. ಈಗ ಆರನೆಯ ಸುತ್ತಿನ ಪುಡಿಯನ್ನು ತುಂಬಿ ತಂತಿಗಳನ್ನು ಕರಿಬಸಪ್ಪನ ಕೈಗೇ ಕೊಟ್ಟಳು. ಮೀಟರು ನಾಲ್ಕು ಮೆಗಾಓಮ್ ತೋರಿಸಿತು. ನಲವತ್ತು ಲಕ್ಷ.

ಪ್ಲೇಟಿಂಗಿನವನಿಗೆ ಕರೆಂಟಿನ ಬಗ್ಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವನು ತಂತಿಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಸತ್ತೋಗಿದೆ."

"ಈ ಪುಡಿಗೆ ಆಮ್ಲಾನೇ ಜೀವ ಕರಿಬಸಪ್ಪನವ್ರೇ. ಕರೆಂಟು ಹರಿಯೋದೂ ಅದರಿಂದ, ಎಸ್ಟರ್ ಆಗೋದೂ ಅದರಿಂದ. ಸೋಡಾ ಅದನ್ನ ಕಿತ್ಕೊಂಡು ಹೋಯ್ತು. ನೀವು ಒಂದು ಚಿಟಿಕೇನೂ ಚೆಲ್ಲಿಲ್ಲ. ಆ ಇನ್ನೂರು ಗ್ರಾಂ ಪುಡಿ ಅಲ್ಲ, ಪುಡಿ ಹಿಡ್ಕೊಂಡಿದ್ದ ಆಮ್ಲ."

ಅವನು ಬಟ್ಟೆಯ ಮೇಲಿನ ನೀಲಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ವಾಪಸ್ ಕೊಟ್ರೆ ತಗಂತದಾ?"

ತೆಗೆದುಕೊಳ್ಳುತ್ತದೆ ಎಂದು ನಿವೇದಿತಾ ಓದಿದ್ದಳು. ಗ್ರಾಂ ಲೆಕ್ಕದಲ್ಲಿ ಮಾಡಿಯೂ ನೋಡಿದ್ದಳು. ಒಂದು ಕಿಲೋ ಲೆಕ್ಕದಲ್ಲಿ, ಆರು ಸಲ ಕುದಿದ ಪುಡಿಯಲ್ಲಿ, ಯಾರು ಮಾಡಿದ್ದರೋ ಅವಳಿಗೆ ಗೊತ್ತಿರಲಿಲ್ಲ. ಹತ್ತು ಗಂಟೆಗೆ ಆರನೆಯ ಸುತ್ತಿನ ಪುಡಿಯಷ್ಟನ್ನೂ ದುರ್ಬಲ ಸಲ್ಫ್ಯೂರಿಕ್ ಆಮ್ಲಕ್ಕೆ ಹಾಕಿ ಕಲಕಲು ಬಿಟ್ಟರು. ಹತ್ತು ನಿಮಿಷದಲ್ಲೇ ನೀಲಿ ಹಸಿರಿಗೆ ತಿರುಗಿತು. ಕರಿಬಸಪ್ಪ ಊಟಕ್ಕೂ ಹೋಗದೆ ನಾಲ್ಕು ಗಂಟೆ ಅದರ ಮುಂದೆಯೇ ನಿಂತ. ಸೋಸಿ ತೊಳೆದು ಓವನ್ನಿಗೆ ಇಟ್ಟವನೂ ಅವನೇ. ಸೋಡಾ ಬಕೆಟ್ಟನ್ನು ನಿವೇದಿತಾ ಹೊರಗಿಟ್ಟಿದ್ದಳು.

ಗುರುವಾರ ಬೆಳಿಗ್ಗೆ ತಕ್ಕಡಿ ಒಂಬೈನೂರ ಎಂಬತ್ತಮೂರು ಗ್ರಾಂ ತೋರಿಸಿತು. ಮೀಟರು ಇಪ್ಪತ್ತೊಂದು ಓಮ್. ಏಳನೆಯ ಸುತ್ತು ಮಧ್ಯಾಹ್ನ ಮೂರಕ್ಕೆ ಮುಗಿದಾಗ ಫಲ ತೊಂಬತ್ತನಾಲ್ಕು.

ಸುಧೀಂದ್ರ ಮೈಸೂರುಪಾಕಿನ ಡಬ್ಬಿಯ ಜೊತೆಗೆ ಸಲಹೆಯನ್ನೂ ತಂದ. "ಒಳ್ಳೇದಾಯ್ತು. ಈಗ ಆರನೇದನ್ನ ಹಾಳೇಲಿ ಬರೀಲೇಬೇಡಿ. ಇದನ್ನೇ ಆರು ಅಂತ ಮಾಡಿ. ಅದೇ ಪುಡಿ ತಾನೇ? ಸುಳ್ಳೇನಿಲ್ಲ ಇದರಲ್ಲಿ."

ನಿವೇದಿತಾ ಬ್ಯಾಚ್ ಹಾಳೆಯನ್ನು ಅವನ ಮುಂದೆಯೇ ಎಳೆದುಕೊಂಡು ಆರನೆಯ ಸಾಲಿನಲ್ಲಿ ಮೂವತ್ತೊಂದು ಎಂದು ಬರೆದಳು. ಷರಾ ಕಾಲಮ್ಮಿನಲ್ಲಿ, "ತೊಳೆಯುವಾಗ ಆಪರೇಟರ್ ಸೋಡಾ ದ್ರಾವಣದಲ್ಲಿ ಅದ್ದಿದ್ದರಿಂದ ಆಮ್ಲ ನಷ್ಟ."

ಕರಿಬಸಪ್ಪ ಅವಳ ಭುಜದ ಮೇಲಿಂದ ಓದುತ್ತಿದ್ದ. "ಆಪರೇಟರ್ ಅಂದ್ರೆ ಯಾರು ಮೇಡಂ?"

"ಹೆಸರು ಯಾಕೆ ಬಿಡಿ. ಎಲ್ಲ ಕಡೆ ಹಿಂಗೇ ಬರೆಯೋದು."

"ಎಲ್ಲ ಕಡೆ ಮಾಡಿದೋನ ಹೆಸರು ಬರೆಯಲ್ಲ, ಅದಕ್ಕೇ ಎಲ್ಲ ಕಡೆ ಅದೇ ತಪ್ಪು ಇನ್ನೊಂದ್ಸಲ ಆಗ್ತದೆ. ಆಪರೇಟರ್ ಅಂದ್ರೆ ಯಾರೋ ನಿದ್ದೆ ಮಾಡ್ತಿದ್ದೋನು ಅಂದ್ಕೊತಾರೆ. ನಾನು ನಿದ್ದೆ ಮಾಡ್ತಿರಲಿಲ್ಲ. ಎಚ್ಚರವಾಗಿದ್ದೇ ಮಾಡಿದೆ, ಟ್ರೇ ಉಳಿಸೋಕೆ ಮಾಡಿದೆ. ಅಂಗೇ ಬರೀರಿ. ಕರಿಬಸಪ್ಪ ಅಂತ."

"ಏನ್ ಗುರು," ಎಂದ ಸುಧೀಂದ್ರ, "ಪ್ರಶಸ್ತಿ ಪತ್ರ ಅಂದ್ಕೊಂಡ್ಯಾ ಇದನ್ನ?"

"ಮೊನ್ನೆ ಚರಂಡಿ ಹುಡುಕಿ ಅಂದ್ರಲ್ಲ ಸಾರ್, ಸಿಕ್ತಾ ಏನಾದ್ರೂ?"

ಸುಧೀಂದ್ರ ಡಬ್ಬಿಯನ್ನು ಅವನ ಕಡೆ ತಳ್ಳಿದ. "ತಪ್ಪಾಯ್ತು ಕಣಪ್ಪಾ. ತಗೋ, ಮೊದಲು ತಿನ್ನು."

ನಿವೇದಿತಾ "ಆಪರೇಟರ್" ಎಂಬುದನ್ನು ಹೊಡೆದು ಹಾಕಿ ಅವನು ಹೇಳಿದಂತೆಯೇ ಬರೆದಳು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ಸೋಡಾ ಕೂಡದು ಎಂದು ಕ್ರಮದಲ್ಲಿ ನಮೂದಿಸಿರಲಿಲ್ಲ, ಪ್ರತಿ ಸುತ್ತಿನ ನಂತರ ತೂಕ ಮತ್ತು ವಿದ್ಯುತ್ ಪರೀಕ್ಷೆ ಮಾಡಿರಲಿಲ್ಲ. ನಿವೇದಿತಾ." ಕರಿಬಸಪ್ಪ ಸಹಿ ಹಾಕಿದ ಮೇಲೆ ಅವಳೂ ಹಾಕಿದಳು.

ಎಂಟನೆಯದು ತೊಂಬತ್ತನಾಲ್ಕು, ಒಂಬತ್ತನೆಯದು ತೊಂಬತ್ತೈದು.

ಸೋಮವಾರ ಒಂಬತ್ತೂಕಾಲಿಗೆ ಪಂಚಾಕ್ಷರಿ ಬಂದ. ಬೆಳ್ಳಂದೂರಿನಿಂದ ಪೀಣ್ಯಕ್ಕೆ ಎರಡು ಗಂಟೆ ಹಿಡಿಯಿತೆಂದು ರಸ್ತೆಯನ್ನು ಬೈದು, ಕಾಫಿ ಕುಡಿದು, ನೇರವಾಗಿ ಬ್ಯಾಚ್ ಹಾಳೆ ಕೇಳಿದ. ಧಾರವಾಡದ ಕಡೆಯವನು, ಮಾತು ಕಡಿಮೆ, ಕನ್ನಡಕ ಹಣೆಗೆ ಏರಿಸಿಕೊಂಡು ಓದುವ ರೂಢಿ. ಆರನೆಯ ಸಾಲಿನಲ್ಲಿ ಅವನ ಬೆರಳು ನಿಂತಿತು.

"ಕರಿಬಸಪ್ಪ ಅಂದ್ರ ಯಾರ್ರೀ?"

"ನಾನೇ ಸಾರ್."

"ಮಾಡಿ ತೋರಿಸ್ರಿ ನೋಡೋಣು."

ಹತ್ತನೆಯ ಸುತ್ತು ಕುದಿಯುತ್ತಿದ್ದಾಗ ಕಪಾಟಿನ ಕಿಲೋದ ಒಂದು ಚಮಚದಲ್ಲಿ ಕರಿಬಸಪ್ಪ ಮಾಡಿ ತೋರಿಸಿದ. ಸೋಡಾಕ್ಕೆ ಅದ್ದಿದಾಗ ನೀಲಿ, ಆಮ್ಲಕ್ಕೆ ಅದ್ದಿದಾಗ ಹಸಿರು. ಪಂಚಾಕ್ಷರಿ ಇನ್ನೊಂದು ಸಲ ಮಾಡಿಸಿದ. ಹಿತ್ತಾಳೆ ಬೋಲ್ಟುಗಳನ್ನು ತಾನೇ ಬಿಗಿದು ಮೀಟರು ಹಿಡಿದ. ಮೂರಕ್ಕೆ ಹತ್ತನೆಯ ಸುತ್ತಿನ ಫಲ ಬಂತು: ತೊಂಬತ್ತನಾಲ್ಕು. ಸುಧೀಂದ್ರ ಕೈ ಚಾಚಿದ. ಪಂಚಾಕ್ಷರಿ ಕೈ ಕೊಡಲಿಲ್ಲ.

"ಕಾರಣ ತಿಳೀತು. ಖರೇ ಬರದೀರಿ, ಅದೂ ತಿಳೀತು. ಆದ್ರ ನನ್ನ ಕಾಗದದಾಗ ಸತತ ಹತ್ತು ಅಂತ ಅದ. ಆರು ಬಿದ್ದದ. ನಾ ಏಳರಿಂದ ಎಣಸ್ಬೇಕಾಗ್ತದ. ನಾಕು ಆತು."

ಸುಧೀಂದ್ರನ ಮುಖ ಇಳಿಯಿತು. "ಸಾರ್, ಹತ್ತರಲ್ಲಿ ಒಂಬತ್ತು..."

"ಎಣಿಸಿ ಸಾರ್," ಎಂದಳು ನಿವೇದಿತಾ. ಹುಟ್ಟೂರು ದಾವಣಗೆರೆಯ ಮಾತು ತನಗರಿವಿಲ್ಲದೆ ನಾಲಿಗೆಗೆ ಬಂದಿತ್ತು. "ಏಳರಿಂದಾನೇ ಎಣಿಸ್ರಿ. ಹದಿನಾರರ ತನಕ ಓಡಿಸ್ತೀವಿ. ಇದೇ ಪುಡಿ. ಮುಂದಿನ ಸೋಮವಾರ ಬರ್ರಿ."

"ನಡುವ ಮತ್ತ ಆಸಿಡ್ ಕುಡಿಸಂಗಿಲ್ಲ."

"ಕುಡಿಸಲ್ಲ ಸಾರ್."

"ಹಾಳಿ ಮ್ಯಾಲ ದಿನಾ ಮೀಟರ್ ರೀಡಿಂಗ್ ಬೇಕು."

"ಅದನ್ನ ನಾನು ಹಿಡಿತೀನಿ," ಎಂದ ಕರಿಬಸಪ್ಪ.

ಮರುದಿನವೇ ಹನ್ನೊಂದನೆಯ ಸುತ್ತು ಶುರುವಾಯಿತು. ಪ್ರತಿದಿನ ಎಂಟೂವರೆಗೆ ಕರಿಬಸಪ್ಪ ಪುಡಿ ತೂಗಿ, ಕೊಳವೆಗೆ ತುಂಬಿ, ಮೀಟರು ಹಿಡಿದು ಅಂಕಿ ಕೂಗುತ್ತಿದ್ದ, ನಿವೇದಿತಾ ಬರೆಯುತ್ತಿದ್ದಳು. ಇಪ್ಪತ್ತೆರಡು. ಇಪ್ಪತ್ತೆರಡು. ಇಪ್ಪತ್ತನಾಲ್ಕು. ಒಣಗಿದ ಪುಡಿಯನ್ನು ಈಗ ಸ್ಟೀಲಿನ ಬದಲು ಗಾಜಿನ ತಟ್ಟೆಗಳಲ್ಲಿ ಇಡುತ್ತಿದ್ದರು. ಹದಿಮೂರನೆಯ ಸುತ್ತಿನಲ್ಲಿ ಫಲ ತೊಂಬತ್ತೆರಡಕ್ಕೆ ಇಳಿದಾಗ ಸುಧೀಂದ್ರ ಕಪಾಟಿನ ಕಡೆ ನೋಡಿದ. ನಿವೇದಿತಾ ಅಂದು ಅಸಿಟೋನ್ ತೊಳೆತವನ್ನು ಎರಡರಿಂದ ಮೂರಕ್ಕೆ ಏರಿಸಿ, ಏರಿಸಿದ್ದನ್ನೂ ಹಾಳೆಯಲ್ಲಿ ಬರೆದಳು. ಮರುದಿನ ತೊಂಬತ್ತಮೂರು.

ಹದಿನಾರನೆಯ ಸುತ್ತಿಗೆ ಪಂಚಾಕ್ಷರಿ ಬೆಳಿಗ್ಗೆ ಎಂಟಕ್ಕೇ ಬಂದ. ಕೊನೆಯ ಸ್ಯಾಂಪಲನ್ನು ತಾನೇ ತೆಗೆದ. ಬ್ಯುರೆಟ್ಟಿನ ಮುಂದೆ ಕುಳಿತು ಹನಿ ಹನಿಯಾಗಿ ಬಿಟ್ಟ. ಎರಡಕ್ಕೆ ಬರಲಿಲ್ಲ. ಇನ್ನೊಂದು ಹನಿ, ಇನ್ನೊಂದು. ಎರಡು ಬಿಂದು ಒಂದು ಮಿಲಿಲೀಟರಿಗೆ ಗುಲಾಬಿ ಬಂದು ನಿಂತಿತು.

"ತೊಂಬತ್ಮೂರು," ಎಂದು ಕನ್ನಡಕ ಇಳಿಸಿದ. ಪುಡಿಯನ್ನು ತೊಳೆದು ಒಣಗಿಸಿ ತೂಗುವ ತನಕವೂ ಅವನು ಹೊರಡಲಿಲ್ಲ. ಒಂಬೈನೂರ ಅರವತ್ತೊಂದು ಗ್ರಾಂ. ವರದಿಯನ್ನು ಅಲ್ಲೇ ಮೇಜಿನ ಮೇಲೆ ಕೈಯಲ್ಲೇ ಬರೆದ. ಸತತ ಹತ್ತು ಸುತ್ತು ತೇರ್ಗಡೆ, ಪೂರೈಕೆಗೆ ಒಪ್ಪಿಗೆ. ಕೆಳಗೆ, ಜೀವ ಕಳೆದುಕೊಂಡ ಪುಡಿಯನ್ನು ಅದೇ ಸ್ಥಳದಲ್ಲಿ ಮರಳಿ ಬಳಕೆಗೆ ತಂದದ್ದನ್ನು ಪರಿಶೀಲಿಸಲಾಗಿದೆ. ಆ ಎರಡನೆಯ ಸಾಲನ್ನು ಷರತ್ತು ಕೇಳಿರಲಿಲ್ಲ. ಆಮೇಲೆ ಎದ್ದು ನಿವೇದಿತಾಳಿಗೆ ಕೈ ಮುಗಿದ. ಕರಿಬಸಪ್ಪನ ಕಡೆ ಕೈ ಚಾಚಿದ. ಕರಿಬಸಪ್ಪ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೈ ಕೊಟ್ಟ.

"ಇನ್ನ ಎಷ್ಟು ಸುತ್ತು ಓಡ್ತದಪಾ ಇದು?"

"ಅದು ನಂಗೇನು ಗೊತ್ತು ಸಾರ್. ಇನ್ನೂ ನಿಂತಿಲ್ವಲ್ಲ."

ಮರುದಿನ ಮಂಗಳವಾರ. ಹದಿನೇಳನೆಯ ಸುತ್ತನ್ನು ಯಾರೂ ಕೇಳಿರಲಿಲ್ಲ. ಎಂಟೂವರೆಗೆ ನಿವೇದಿತಾ ಬಂದಾಗ ಕರಿಬಸಪ್ಪ ಆಗಲೇ ಪುಡಿ ತೂಗಿ, ಹಾಳೆಯಲ್ಲಿ ಹೊಸ ಸಾಲು ಎಳೆದು, ಮೀಟರಿನ ತಂತಿ ಹಿಡಿದು ಕಾಯುತ್ತಿದ್ದ.

"ಬರ್ಕೊಳ್ಳಿ ಮೇಡಂ," ಎಂದ. "ಇಪ್ಪತ್ತೈದು."

ಅವಳು ಬರೆದುಕೊಂಡಳು.